ಗಟ್ಟಿಮೇಳಕ್ಕೊಂದು ಆ್ಯಪ್

ಕಲ್ಯಾಣ ಮಂಟಪದ ಮ್ಯಾನೇಜರ್ ಆದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಜನ ತಾವಾಗಿಯೇ ದಿನ ಗೊತ್ತುಮಾಡಿಕೊಂಡು, ನೆಂಟರಿಷ್ಟರ ಸಮೇತ ಬಂದು ನಗಿಸಿ ಹೋಗುತ್ತಾರೆ. ಬನಶಂಕರಿಯ ನಮ್ಮ ಮಂಟಪದಲ್ಲಿ ವಾಲಗದವರು ಕೂರುವ ಜಾಗದಲ್ಲಿ ಮೊಬೈಲು ಕೂರತೊಡಗಿದ ಮೇಲಂತೂ ಇದು ವಿಪರೀತವಾಗಿದೆ. ಒಂದೇ ಒಂದು ಮದುವೆಯ ಪ್ರಸಂಗಗಳನ್ನು ಹೇಳುತ್ತೇನೆ, ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು.

೧. ರಾಗ ಹಿಡಿಯುವ ಫೋನು

ಹೆಣ್ಣಿನ ತಂದೆ ಉತ್ತರಹಳ್ಳಿಯ ಹಳೇ ಊರಿನವರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುತ್ತಾರೆ. ಮಂಟಪ ಬುಕ್ ಮಾಡಲು ಬಂದಾಗ, "ವಾಲಗದವರಿಗೆ ಹೇಳ್ಲಾ ಸಾರ್?" ಎಂದೆ.

"ಯಾಕ್ರೀ? ಅವರಿಗೆ ತಿಂಡಿ ಕೊಡ್ಬೇಕು, ಊಟ ಹಾಕ್ಬೇಕು, ತಾಂಬೂಲ ಕೊಟ್ಟು ಕಳಿಸ್ಬೇಕು. ಫೋನು ಏನು ಕೇಳತ್ತೆ? ಚಾರ್ಜರು!"

ಗುನುಗಿದರೆ ಸಾಕು, ಹಾಡನ್ನು ಹುಡುಕಿಕೊಡುವ ಆ್ಯಪ್ ಅವರ ಫೋನಿನಲ್ಲಿತ್ತು. ನನ್ನ ಮೇಜಿನ ಮುಂದೆಯೇ ಪರೀಕ್ಷೆ ಶುರುವಾಯಿತು. ಫೋನನ್ನು ತುಟಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕೆನ್ನೆ ಊದಿಸಿ "ಪೇಂ ಪೇಂ ಪೀಪೀ... ಡುಂ ಡುಂ" ಎಂದರು. ಫೋನು ಸ್ವಲ್ಪ ಯೋಚಿಸಿ, ಎಲ್‌ಕೆಜಿ ಮಕ್ಕಳ ಇಂಗ್ಲಿಷ್ ಪದ್ಯವೊಂದನ್ನು ಹಾಡಿತು. ಮತ್ತೆ ಊದಿದರು. ಈ ಸಲ ಭಾಂಗ್ರಾ ಬಂತು. ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಅಕ್ಕ ಪೊರಕೆ ಬಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನನಗೆ ನಗು ತಡೆಯುವುದು ಕಷ್ಟವಾಗಿ, "ಸಾರ್, ಅದಕ್ಕೆ ಗೊತ್ತಾಗ್ತಿಲ್ಲ ಅನ್ಸತ್ತೆ," ಎಂದೆ.

"ಹಂಗಲ್ಲ ಕಣ್ರೀ," ಅಂದರು ಬೆವರು ಒರೆಸಿಕೊಳ್ಳುತ್ತ, "ಫೋನು ಸರಿಯಾಗೇ ಇದೆ. ನಂದೇ ಸ್ವಲ್ಪ ಶ್ರುತಿ ತಪ್ತು."

೨. ಬೀಗರು ಬಂದರು

ಗಂಡಿನ ಕಡೆಯವರು ಹುಬ್ಬಳ್ಳಿಯವರು. ಹುಡುಗ ಬಿಟಿಎಂನಲ್ಲಿ ಬಾಡಿಗೆಗಿದ್ದು ಆಫೀಸಿಗೆ ಹೋಗುತ್ತಾನೆ. ಅವನ ತಂದೆ ಕೇಳಿಕೊಂಡದ್ದು ಒಂದೇ: "ಬೀಗರ, ಊಟ ಹೆಂಗರ ಇರ್ಲಿ, ವಾದ್ಯ ಮಾತ್ರ ಜೋರ್ ಇರ್ಬೇಕ್ರಿ." ಮದುವೆಯ ಯಜಮಾನರಾದ ಹೆಣ್ಣಿನ ತಂದೆ ಎದೆ ತಟ್ಟಿಕೊಂಡು, "ಎಲ್ಲಾ ಹೈಟೆಕ್ ಮಾಡಿಸ್ತಿದ್ದೀನಿ, ನೋಡ್ತಿರಿ," ಎಂದು ಮಾತು ಕೊಟ್ಟಿದ್ದರು. ಇನ್ನು ಮದುವೆಯಲ್ಲಿ ಸದ್ದು ಕೆಟ್ಟರೆ ಬೀಗರೆದುರು ಅವರ ಮರ್ಯಾದೆ ಹೋದಂತೆಯೇ.

ಹಿಂದಿನ ಸಂಜೆ ಬೀಗರ ಬಸ್ಸು ಬಂತು. ಆರತಿ ತಟ್ಟೆ, ಪನ್ನೀರು ಎಲ್ಲ ಸಿದ್ಧವಾಗಿತ್ತು. ಯಜಮಾನರು ಫೋನು ಒತ್ತಿದರು. ಮಂಟಪದ ಸ್ಪೀಕರಿನಿಂದ ಪಿಟೀಲೊಂದು ಎದೆ ಬಿರಿಯುವಂತೆ ಅಳತೊಡಗಿತು. ನಗುನಗುತ್ತ ಇಳಿದ ಬೀಗರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಗಂಡಿನ ಸೋದರತ್ತೆ ಮುಡಿದ ಹೂವನ್ನು ಮೆಲ್ಲಗೆ ತೆಗೆದು ಚೀಲಕ್ಕೆ ಹಾಕಿಕೊಂಡರು.

ನಾನು ಯಜಮಾನರನ್ನು ಕಂಬದ ಮರೆಗೆ ಎಳೆದು, "ಇದ್ಯಾವ ಹಾಡು ಸಾರ್?" ಎಂದೆ.

"ನಮಗೇನು ಬೇಕೋ ಬರೆದ್ರೆ ತಾನೇ ಆರಿಸಿ ಹಾಕತ್ತಂತೆ. 'ಮಗಳನ್ನು ಕಳಿಸಿಕೊಡುವ ತಂದೆ' ಅಂತ ಬರೆದೆ. ತಪ್ಪಾ?"

ಅಷ್ಟರಲ್ಲಿ ಸೋದರತ್ತೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಯಾರು ಹೋದ್ರೀಯಪ್ಪಾ? ಮದುವಿ ಮುಂದ ಹಾಕ್ತೀರೇನು?"

೩. ಗಟ್ಟಿಮೇಳ

ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು, ಅಪಶಬ್ದ ಯಾವುದೂ ಕಿವಿಗೆ ಬೀಳಬಾರದೆಂದು ಎಲ್ಲ ವಾದ್ಯವನ್ನೂ ಒಟ್ಟಿಗೆ ಜೋರಾಗಿ ಬಾರಿಸುತ್ತಾರೆ. ಮಿಕ್ಕ ಹೊತ್ತಿನಲ್ಲಿ ಸದ್ದು ಏರುಪೇರಾದರೆ ಜನ ಮರೆಯುತ್ತಾರೆ, ಇಲ್ಲಿ ಆದರೆ ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ಳುತ್ತಾರೆ. ಯಜಮಾನರು ಜಾಹೀರಾತು ಬಾರದಂತೆ ದುಡ್ಡು ಕಟ್ಟಿ, ಫೋನನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಪುರೋಹಿತರು ಕೈಯೆತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದರು. ನಾಗಸ್ವರ, ಡೋಲು ಮೊಳಗಿದವು. ಗಂಡು ತಾಳಿ ಎತ್ತಿದ. ಅಷ್ಟರಲ್ಲಿ ನಾಗಸ್ವರ ಗಪ್ಪೆಂದು ನಿಂತು, ಕೈಕೊಟ್ಟು ಹೋದ ಹುಡುಗಿಯನ್ನು ಬಾಯಿಗೆ ಬಂದಂತೆ ಬೈಯುವ ಹಾಡು ಶುರುವಾಯಿತು. ಗಂಡು ತಾಳಿ ಹಿಡಿದುಕೊಂಡೇ ಹೆಣ್ಣಿನ ಮುಖ ನೋಡಿದ. ಹೆಣ್ಣು ಅಪ್ಪನ ಮುಖ ನೋಡಿದಳು. ಸಭೆಯಲ್ಲಿದ್ದ ಆಂಟಿಯರೆಲ್ಲ ಹೆಣ್ಣನ್ನು ನೋಡಿದರು.

ಯಜಮಾನರು ತಡಬಡಿಸಿ ಮತ್ತೆ ನಾಗಸ್ವರ ಹಾಕಿದರು. ಅದು ಎರಡು ಉಸಿರು ಊದುವಷ್ಟರಲ್ಲಿ ಮತ್ತೆ ಅದೇ ಹಾಡು. ಯಾರೂ ಮುಟ್ಟದಿದ್ದರೂ ಸೌಂಡು ತಾನೇ ತಾನಾಗಿ ಏರತೊಡಗಿತು. "ಏನ್ರೀ ಇದು, ದೆವ್ವ ಹೊಕ್ಕಿದೆಯಾ?" ಎಂದು ಯಜಮಾನರು ಅಳುವಂತಾದರು. "ಮುಹೂರ್ತ ಮೀರ್ತಿದೆ!" ಎಂದು ಪುರೋಹಿತರು ಕಿರುಚಿದರು. ನನಗೆ ದಿಕ್ಕು ತೋಚದೆ ಅಡುಗೆಮನೆಗೆ ಓಡಿ, ಕೈಗೆ ಸಿಕ್ಕಿದ್ದನ್ನು ಬಾರಿಸಿಕೊಂಡು ಬನ್ನಿ ಎಂದೆ. ಅಡುಗೆಯವರು ಸೌಟು, ತಟ್ಟೆ, ಕೊಳದಪ್ಪಲೆಗಳೊಂದಿಗೆ ನುಗ್ಗಿ ಮಾಡಿದ ಗಲಾಟೆಗೆ ಸ್ಪೀಕರೇ ಸುಮ್ಮನಾದಂತಾಯಿತು. ಹೆಣ್ಣಿನ ಕೊರಳಿಗೆ ತಾಳಿ ಬಿತ್ತು, ಅಕ್ಷತೆ ಬಿತ್ತು. ನಾನು ಓಡಿಹೋಗಿ ಹಾಡು ನಿಲ್ಲಿಸಿದೆ.

ಯಜಮಾನರು ಬೀಗರ ಕೈ ಹಿಡಿದು, "ಏನೂ ತಿಳ್ಕೋಬೇಡಿ ಬೀಗರೇ, ಆ್ಯಪ್ ಕಂಪನಿಯವರದ್ದೇ ತಪ್ಪು. ನಂದೇನೂ ಇಲ್ಲ," ಎನ್ನುತ್ತಿರುವಾಗಲೇ ಅವರ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಎತ್ತಿದರು. ಫೋನು ಇನ್ನೂ ಮಂಟಪದ ಸ್ಪೀಕರಿಗೇ ಜೋಡಣೆಯಾಗಿತ್ತು. ಆ ಕಡೆಯ ದನಿ ಇಡೀ ಸಭೆಗೆ ಮೊಳಗಿತು.

"ಅಂಕಲ್, ಮಹಡಿ ಮನೆ ಬಾಡಿಗೆಯವನು ಮಾತಾಡ್ತಿರೋದು. ಮ್ಯೂಸಿಕ್ ಫ್ರೀ ಅಂತ ಬಾಡಿಗೆ ಏರಿಸಿ, ನಿಮ್ಮ ಹಾಡಿನ ಆ್ಯಪ್ ಪಾಸ್‌ವರ್ಡನ್ನೇ ಎಲ್ಲಾ ಮನೆಗೂ ಕೊಟ್ರಲ್ಲ? ಈಗ ಹಾಡು ಹಾಕಿದ್ರೆ ನನ್ನ ಫೋನಲ್ಲಿ ಬರ್ತಾನೇ ಇಲ್ಲ, ನಿಮ್ಮ ಫೋನಲ್ಲಿ ಓಡ್ತಿದೆ ಅಂತ ತೋರಿಸ್ತಿದೆ. ಒಂದೇ ಹಾಡನ್ನ ಮತ್ತೆ ಮತ್ತೆ ಹಾಕ್ದೆ, ಸೌಂಡ್ ಫುಲ್ ಕೊಟ್ಟೆ. ಆದ್ರೂ ಏನೂ ಕೇಳಿಸ್ತಿಲ್ಲ ಅಂಕಲ್!"

ಇಡೀ ಸಭೆ ಯಜಮಾನರತ್ತ ತಿರುಗಿತು. ಬೀಗರು ಅವರ ಕೈಯಿಂದ ಫೋನನ್ನು ನಿಧಾನವಾಗಿ ಬಿಡಿಸಿಕೊಂಡು ಹೇಳಿದರು:

"ಚಿಂತಿ ಮಾಡಬ್ಯಾಡ ತಮ್ಮಾ. ಇಲ್ಲಿ ನಮಗ ಎಲ್ಲಾ ಕೇಳಿಸೇತಿ!"