ಬ್ರಹ್ಮಚಾರಿ ಮಾವನ ದಾಂಪತ್ಯ ಸೂತ್ರಗಳು

ನಮ್ಮ ಸೋದರಮಾವ ಮುರಿದುಬೀಳುತ್ತಿದ್ದ ಎಷ್ಟು ಸಂಸಾರಗಳನ್ನು ಉಳಿಸಿದ್ದಾನೋ, ದೇವರಿಗೇ ಗೊತ್ತು. ಅವನ ಸಂಸಾರ ಎಲ್ಲಿ ಅಂತ ಮಾತ್ರ ಕೇಳಬೇಡಿ! ನಲವತ್ತು ದಾಟಿದ ಬ್ರಹ್ಮಚಾರಿ. ಮದ್ದೂರಿನ ಹತ್ತಿರದ ಕೊಪ್ಪದಲ್ಲಿ, ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಂಟರ್ನೆಟ್ಟಿನ ಯಾವುದೋ ಕಂಪನಿಗೆ ಲೇಖನ ಬರೆದುಕೊಡುವುದು ಅವನ ಕಸುಬು. 'ಗಂಡ-ಹೆಂಡಿರ ಜಗಳ ನಿಲ್ಲಿಸಲು ಏಳು ಸೂತ್ರಗಳು' ಅಂತ ಫೋನಿನಲ್ಲಿ ಓದಿ ನೀವೇನಾದರೂ ಹೆಂಡತಿಯ ಹತ್ತಿರ ತಪ್ಪಾಯ್ತು ಅಂದಿದ್ದರೆ, ಆ ಪುಣ್ಯ ನಮ್ಮ ಮಾವನದೇ ಇರಬಹುದು.

ಇದರಲ್ಲಿ ಏನು ಸುಖ ಅಂತ ಒಮ್ಮೆ ಕೇಳಿದೆ.

"ಯಾರ್ ಕೈ ಕೆಳ್ಗೂ ಇಲ್ಲ ಕಣವ್ವ. ಡೈರಿಗೆ ಆಲು ಆಕ್ಬುಟ್ಟು ಬಂದು ಕುಂತ್ಕಂಡ್ರೆ ಅದೇ ಆಪೀಸು. ಚಡ್ಡೀಲಿದ್ರೂ ಕೇಳೋರಿಲ್ಲ!"

ಸುಖ ಒಪ್ಪಿದೆ. ಕಷ್ಟ? ಕಂಪನಿ ಕೇಳಿದ್ದನ್ನೆಲ್ಲ ಬರೆಯಬೇಕು. ಎರಡು ಮುದ್ದೆ ಉಂಡು ತೇಗುತ್ತ 'ಹೊಟ್ಟೆ ಕರಗಿಸುವುದು ಹೇಗೆ' ಅಂತ ಬರೆಯಬೇಕು. ದುಡ್ಡು ಕೊಡುವುದು ಪದಕ್ಕಿಷ್ಟು ಅಂತ; ಹಾಗಾಗಿ ಎಳೆದೆಳೆದು ಉದ್ದ ಮಾಡಬೇಕು. ಒಂದು ದಿನ ಮೊಟ್ಟೆ ಬೇಯಿಸುವುದನ್ನು ಬರೆಯುತ್ತಿದ್ದ. ನೀರಿಗೆ ಹಾಕಿ ಕುದಿಸಿದರೆ ಮುಗಿಯಿತಲ್ಲ? ಅವನು ಮೊಟ್ಟೆ ಎಂದರೇನು ಎಂಬಲ್ಲಿಂದ ಶುರು ಮಾಡಿದ್ದ! ಮಧ್ಯಾಹ್ನವಾದರೂ ನೀರು ಒಲೆಗೇರಿರಲಿಲ್ಲ. ತವರಿಗೆ ಬಂದಿದ್ದ ನಮ್ಮಮ್ಮ, ಅಂದರೆ ಅವನ ಅಕ್ಕ, ಊಟಕ್ಕೆ ಕರೆದು ಕರೆದು ಸಾಕಾಗಿ, "ಕೋಳಿ ಕಾವಿಗೆ ಕೂತಿದ್ರೂ ಇಷ್ಟೊತ್ಗೆ ಮರಿ ಆಗೋದು ಕಣ್ಲಾ!" ಅಂದಳು.

ಇವೆಲ್ಲ ಸಣ್ಣ ಕಷ್ಟ. ದೊಡ್ಡದೆಂದರೆ, ಬರೆದವನ ಹೆಸರನ್ನು ಕಂಪನಿ ಹಾಕುವುದೇ ಇಲ್ಲ. ಅದರ ಬಿಸಿ ತಟ್ಟಿದ್ದು ನಾವೆಲ್ಲ ಅವನ ಜೊತೆ ಹಲಗೂರಿಗೆ ಹೆಣ್ಣು ನೋಡಲು ಹೋದಾಗ.

"ಏನ್ ಕೆಲ್ಸ ಮಾಡ್ತೀರಿ?" ಹುಡುಗಿಯ ಅಪ್ಪ ಕೇಳಿದರು.

"ಬರೀತೀನಿ."

"ಒಳ್ಳೇದಾಯ್ತು ಬುಡಿ! ನಮ್ಮಣ್ಣತಮ್ಮಂದಿರ್ದು ಒಂದು ವಿಭಾಗಪತ್ರ ಬರಿಯೋದಿತ್ತು."

ಅದಲ್ಲ, ಇಂಟರ್ನೆಟ್ಟಿಗೆ ಅಂತ ವಿವರಿಸಿದ್ದಾಯಿತು. ಅವರು ಫೋನು ತೆಗೆದರು. "ನಿಮ್ಮೆಸ್ರು ಆಕುದ್ರೆ ಬತ್ತದಾ?"

"ಇಲ್ಲ, ಎಸ್ರು ಆಕಾಕಿಲ್ಲ."

"ಎಸ್ರಿಲ್ದೆ ಬರದ್ರೆ ಅದು ಮೂಗರ್ಜಿ ಕಣ್ರೀ! ಮೂಗರ್ಜಿ ಬರಿಯೋರ್ಗೆ ಎಂಗ್ರೀ ಎಣ್ಣು ಕೊಡೋದು?"

ಬಸ್‌ಸ್ಟಾಪಿಗೆ ಬಂದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವನೂ ನಕ್ಕ. ಬಸ್ಸು ಬರುವಷ್ಟರಲ್ಲಿ 'ಹೆಣ್ಣು ನೋಡಲು ಹೋದಾಗ ಮಾಡಬಾರದ ಐದು ತಪ್ಪುಗಳು' ಅಂತ ಬರೆದು ಕಳಿಸಿಯೂ ಬಿಟ್ಟ! ಆದರೆ ಆಮೇಲೆ ಅವನು ಹೆಣ್ಣು ನೋಡಲು ಹೋಗಲಿಲ್ಲ. ಮಕ್ಕಳೆಂದರೆ ಅವನಿಗೆ ಪ್ರಾಣ. ತನಗೂ ಒಂದು ಮಗು ಇರಬೇಕೆಂಬ ಆಸೆ ಎಷ್ಟಿತ್ತೆಂದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಕಂಪನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಆ ವರ್ಷವಿಡೀ ಅವನಿಂದ ಬರೆಸಿದ್ದು ಶಿಶುಪಾಲನೆ! ಎಳೆಮಗುವಿಗೆ ಸ್ನಾನ ಮಾಡಿಸುವುದು, ತೇಗಿಸುವುದು, ಬಿಕ್ಕಳಿಕೆ ನಿಲ್ಲಿಸುವುದು, ಕತ್ತಿಗೆ ಆಸರೆ ಕೊಟ್ಟು ಎತ್ತಿಕೊಳ್ಳುವುದು. ಬಸುರಿಯಾಗಿದ್ದ ನನಗೆ ಒಂದನ್ನೂ ಬಿಡದೆ ಕಳಿಸುತ್ತಿದ್ದ. ನಾನೂ ತಪ್ಪದೆ ಓದುತ್ತಿದ್ದೆ.

ನಾನು ಮಂಡ್ಯದಲ್ಲಿ ಅಮ್ಮನ ಮನೆಯಲ್ಲಿ ಬಾಣಂತನಕ್ಕಿದ್ದಾಗ ಮಾವ ಮಗು ನೋಡಲು ಬಂದ. ಬಂದವನೇ ಸೋಪು ಹಾಕಿ ಮೊಣಕೈವರೆಗೂ ತೊಳೆದುಕೊಂಡ. ಹತ್ತಿರ ಮಾತ್ರ ಬರಲಿಲ್ಲ. ಬಾಗಿಲಲ್ಲೇ ನಿಂತ.

"ಎತ್ಕೊಳ್ಲಾ," ಅಮ್ಮ ಅಂದಳು.

"ಬ್ಯಾಡ ಕಣಕ್ಕ, ನಂಗೆ ಬರಾಕಿಲ್ಲ."

"ಬರಾಕಿಲ್ವಾ? ವರ್ಸೆಲ್ಲಾ ಅದ್ನೇ ಬರ್ದ್ಯಲ್ಲೋ!"

"ಬರಿಯೋದೇ ಬೇರೆ ಕಣಕ್ಕ. ಬೀಳಿಸ್ಬುಟ್ರೆ?"

ಅಮ್ಮ ಅವನ ರಟ್ಟೆ ಹಿಡಿದು ಎಳೆದುತಂದು ಗೋಡೆಗೆ ಒರಗಿಸಿ ಕೂರಿಸಿದಳು. ಚಾಚಿದ ಕಾಲುಗಳ ಮೇಲೆ ನಾನು ಮಗುವನ್ನು ಮಲಗಿಸಿದೆ. ಮಾವ ಉಸಿರು ಬಿಡಲೂ ಹೆದರಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ತೆಗೆಯಲಿಲ್ಲ. ಮಗು ಅವನನ್ನೇ ನೋಡುತ್ತ ನೋಡುತ್ತ ನಿದ್ದೆಹೋಯಿತು.

ಬಹಳ ಹೊತ್ತಾದ ಮೇಲೆ ಅಮ್ಮ ಕೈ ಚಾಚಿದಳು. "ಕೊಡ್ಲಾ, ಕಾಲು ಜೋಮಿಡೀತದೆ."

"ಇಡೀಲಿ ಬುಡಕ್ಕ," ಮಾವ ಮೆಲ್ಲಗೆ ಅಂದ. "ಈ ಕಾಲ್ ಮ್ಯಾಲೆ ಇನ್ಯಾರ್ ಬಂದು ಮಲಗ್ಬೇಕು?"

ಅಮ್ಮ ಒಳಗಿನಿಂದ ಒಂದು ದಿಂಬು ತಂದು, ತಮ್ಮನ ಬೆನ್ನಿಗೆ ಕೊಟ್ಟಳು.