ನೂರ ಎಪ್ಪತ್ತು ಸೆಂಟಿಮೀಟರಿನ ಗಂಡ

ಕಳೆದ ಭಾನುವಾರದವರೆಗೆ ನನ್ನ ಎತ್ತರ ನೂರ ಎಪ್ಪತ್ತು ಸೆಂಟಿಮೀಟರ್ ಇತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಮದುವೆಯ ಮಾತುಕತೆಯಲ್ಲಿ ಮಾವನವರು ಕೇಳಿದಾಗ ನಾನೇ ಬಾಯಾರೆ ಹೇಳಿದ ಅಂಕಿ ಅದು. (ಹುಡುಗಿ ನೂರ ಅರವತ್ತಾರು ಎಂದು ಆಗಷ್ಟೇ ಕಿವಿಗೆ ಬಿದ್ದಿತ್ತು.) ಅಂದಿನಿಂದ ಫೋಟೋಗಳಲ್ಲಿ ನಾನು ಮೆಟ್ಟಿಲ ಮೇಲೆ, ಆಕೆ ಕೆಳಗೆ. ಇಂಥ ನಾನು ಹೊಟ್ಟೆಪಾಡಿಗೆ ಮಾಡುವುದು, ಅಳತೆಪಟ್ಟಿಗಳು ಸುಳ್ಳು ಹೇಳುತ್ತಿವೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೆಲಸ.

ಗ್ರಹಚಾರ ಬಂದದ್ದು ಹೆಂಡತಿಯ ಮಂಡಿನೋವಿನ ರೂಪದಲ್ಲಿ. ಡಾಕ್ಟರು ನಾರ್ಡಿಕ್ ವಾಕಿಂಗ್ ಮಾಡಿ ಎಂದರು. ಎರಡು ಕೈಗೆ ಎರಡು ಕೋಲು. ಹೆಜ್ಜೆಗೊಮ್ಮೆ ನೆಲವನ್ನು ಹಿಂದಕ್ಕೆ ಒತ್ತಿ ನಡೆದರೆ ಮಂಡಿಯ ಭಾರ ಸ್ವಲ್ಪ ತೋಳಿಗೆ ಹೋಗುತ್ತದೆ.

“ಈ ವಯಸ್ಸಲ್ಲಿ ಕೋಲಾಟಾನಾ? ನಾನೊಬ್ಬಳೇ ಹೋಗಲ್ಲಪ್ಪ. ನೀವೂ ಬಂದ್ರೆ ನೋಡೋಣ,” ಎಂದಳು.

ಬರುತ್ತೇನೆಂದೆ. ಕೋಲು ಆರಿಸುವ ಮಹತ್ಕಾರ್ಯವನ್ನೂ ವಹಿಸಿಕೊಂಡೆ. ಅಲ್ಯೂಮಿನಿಯಮ್ಮೋ ಕಾರ್ಬನ್ನೋ, ತುದಿಗೆ ರಬ್ಬರೋ ಉಕ್ಕಿನ ಮೊಳೆಯೋ ಎಂದು ಮೂರು ವಾರ ಕೋಷ್ಟಕ ಬರೆದೆ. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಕೋಲು ಅಲುಗಾಡುತ್ತದೆಂದು ತಿರಸ್ಕರಿಸಿ (ಈಗ ನೆನೆದರೆ ಹೊಟ್ಟೆ ಉರಿಯುತ್ತದೆ), ಒಂದೇ ಅಳತೆಯ ಗಟ್ಟಿ ಕೋಲೇ ಶ್ರೇಷ್ಠವೆಂದು ತೀರ್ಪಿತ್ತೆ.

ಕೋಲಿನ ಉದ್ದಕ್ಕೆ ಸೂತ್ರ ಸರಳ: ಎತ್ತರವನ್ನು 0.68ರಿಂದ ಗುಣಿಸಬೇಕು. ನನಗೆ 115.6. ಅಂಗಡಿಯಲ್ಲಿ ಐದೈದು ಸೆಂಟಿಮೀಟರಿಗೊಂದು ಅಳತೆ. ನೂರ ಹದಿನೈದು ತೆಗೆದುಕೊಂಡೆ. ಹೆಂಡತಿಗೆ 112.88 ಎಂದು ಚೀಟಿ ನೋಡಿ ಓದಿದೆ.

“ಹಾಗಾದ್ರೆ ಅವರಿಗೂ ನೂರ ಹದಿನೈದೇ ಹತ್ರ ಸಾರ್,” ಎಂದರು ಅಂಗಡಿಯವರು.

“ನೂರ ಹತ್ತು ಕೊಡಿ,” ಎಂದೆ. ವಿಜ್ಞಾನ ಓದಿದವನು ಹಾಗೆ ಹೇಳಬಾರದು. ಗಂಡನಾದವನು ಹೇಳಬಹುದು.

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಪ್ರಾತ್ಯಕ್ಷಿಕೆ. ಕೋಲನ್ನು ನೆಟ್ಟಗೆ ನಿಲ್ಲಿಸಿ ಹಿಡಿದಾಗ ಮೊಣಕೈ ಲಂಬಕೋನದಲ್ಲಿರಬೇಕು. ನನ್ನ ಕೈಗಳೋ ಎದೆಯತ್ತ ಏರಿ, ನಾನು ಎತ್ತರದ ಕೌಂಟರಿನ ಮುಂದೆ ಟಿಕೆಟ್ ಬೇಡುವವನಂತೆ ಕಂಡೆ.

“ರೀ, ಕೋಲು ಬೆಳೆದುಬಿಟ್ಟಿದೆ.”

“ನೆಲ ಏರುಪೇರಾಗಿದೆ ಕಣೇ.”

“ಟೈಲ್ಸ್ ನೆಲಾನಾ?”

“ಹಾಗಾದ್ರೆ ಕೋಲಿನ ಮೇಲೆ ನಂಬರ್ ತಪ್ಪು ಒತ್ತಿದ್ದಾರೆ.”

“ಅಳೆದು ನೋಡಿ. ನಿಮ್ಮ ಕೆಲಸಾನೇ ಅದಲ್ವಾ?”

ಅಳೆದೆ. ನೂರ ಹದಿನೈದು. ಒಂದು ಮಿಲಿಮೀಟರ್ ಆಚೀಚೆ ಇಲ್ಲ.

“ಕೋಲು ಸರಿಯಾಗಿದೆ, ನೆಲ ಸರಿಯಾಗಿದೆ. ಇನ್ನು ಉಳಿದಿರೋದು ನೀವೊಬ್ರೇ,” ಎಂದು ಆಕೆ ಟೇಪು ಕಿತ್ತುಕೊಂಡಳು. “ಗೋಡೆಗೆ ಒರಗಿ ನಿಂತ್ಕೊಳ್ಳಿ. ಹಿಮ್ಮಡಿ ಕೆಳಗೆ.”

“ಕೆಳಗೇ ಇದೆ.”

“ಪೂರ್ತಿ ಕೆಳಗೆ.”

ತಲೆಯ ಮೇಲೆ ಪುಸ್ತಕವಿಟ್ಟು ಗೋಡೆಗೆ ಪೆನ್ಸಿಲಿನಿಂದ ಗೀರು ಎಳೆದಳು. ನೂರ ಅರವತ್ತಮೂರು. ಊರುಗೋಲು ಕೊಳ್ಳಲು ಹೋಗಿ ಅಳತೆಗೋಲು ತಂದಿದ್ದೆ!

“ವಯಸ್ಸಾದ್ಮೇಲೆ ಮನುಷ್ಯ ಕುಗ್ಗುತ್ತಾನಂತೆ,” ಎಂದೆ, ಗೋಡೆಯನ್ನೇ ನೋಡುತ್ತಾ.

“ನೀವು ಮದುವೆ ದಿನವೇ ಕುಗ್ಗಿದ್ರಿ. ಹಿಮ್ಮಡಿ ಎತ್ತರದ ಚಪ್ಪಲಿ ಅಂದ್ರೆ ನಂಗೆ ಪ್ರಾಣ. ಇಪ್ಪತ್ತೆರಡು ವರ್ಷ ಚಪ್ಪಟೆ ಚಪ್ಪಲೀಲಿ ಯಾಕೆ ಓಡಾಡಿದೆ ಅಂದ್ಕೊಂಡ್ರಿ?”

ನನ್ನ ಕೋಲುಗಳನ್ನು ಆಕೆಗೆ ಕೊಟ್ಟು ಆಕೆಯವನ್ನು ತೆಗೆದುಕೊಂಡೆ. ಇಬ್ಬರ ಮೊಣಕೈಗಳೂ ಲಂಬಕೋನಕ್ಕೆ ಬಂದವು.

ಪಾರ್ಕಿನಲ್ಲಿ ಆಕೆ ಮಂಡಿಯ ಮಾತೆತ್ತದೆ ಎರಡು ಸುತ್ತು ಮುಗಿಸಿದಳು. ಮೂರನೆಯದರಲ್ಲಿ, ಹದಿನೆಂಟು ವರ್ಷಗಳಿಂದ ನನ್ನ ಪ್ಯಾಂಟು ಹೊಲಿಯುತ್ತಿರುವ ಟೈಲರ್ ಎದುರಾದರು. ವೃತ್ತಿಯ ಕಣ್ಣು; ನೇರವಾಗಿ ಕೋಲುಗಳ ಮೇಲೆ ಬಿತ್ತು.

“ಇದೇನಮ್ಮ, ನಿಮ್ಮದು ಉದ್ದ, ಸಾರ್‌ದು ಗಿಡ್ಡ?”

“ಅದು ಮಂಡಿನೋವಿನ ಲೆಕ್ಕ. ಇವರೇನು, ನೂರ ಎಪ್ಪತ್ತು ಇದ್ದಾರೆ,” ಎಂದಳು ಹೆಂಡತಿ, ರೆಪ್ಪೆ ಬಡಿಯದೆ.

ನನ್ನ ಎದೆ ತುಂಬಿ ಬಂತು. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ!

“ಗೊತ್ತಮ್ಮ,” ಎಂದರು ಟೈಲರ್, ಬಹಳ ವಿನಯದಿಂದ. “ಸಾರ್ ಬಟ್ಟೆ ತರೋದೂ ಅದೇ ಲೆಕ್ಕದಲ್ಲಿ. ಮಿಕ್ಕಿದ ತುಂಡುಗಳಲ್ಲಿ ನಮ್ಮನೆ ದಿಂಬಿನ ಕವರೆಲ್ಲ ಆಯ್ತು. ಈಗ ಕಿಟಕಿ ಪರದೆ ಹಿಡಿದಿದ್ದೀನಿ. ಸಾರ್, ಇನ್ನೆರಡು ಪ್ಯಾಂಟ್ ಹೊಲಿಸಿಬಿಟ್ರೆ ಅದೂ ಮುಗಿದುಹೋಗುತ್ತೆ.”