ಅನಸೂಯಾಳ ಹೊಸಾ ಎಲಿ

ನಾನು ಕೈ ಹಾಕಿದ ಕೆಲಸ ಕೆಡುವುದು ಹೊಸದಲ್ಲ. ಆದರೆ ಪ್ರತಿ ಸಲವೂ ನಾಲ್ಕು ಮಂದಿ ನೋಡುತ್ತಿರುವಾಗಲೇ ಯಾಕೆ ಕೆಡುತ್ತದೆ ಅನ್ನುವುದು ಮಾತ್ರ ಇನ್ನೂ ನನಗೆ ತಿಳಿದಿಲ್ಲ.

ಬನಹಟ್ಟಿಯಲ್ಲಿ ನಮ್ಮದು ನಾಲ್ಕು ಪವರ್‌ಲೂಮ್. ಹಿಂದೆ ಮಗ್ಗ, ಮುಂದಿನ ಪಡಸಾಲೆಯಲ್ಲಿ ಸೀರೆ ಅಂಗಡಿ. ಐವತ್ತರ ಹೊಸ್ತಿಲಲ್ಲಿ ನನಗೆ ಆ ಪಡಸಾಲೆಯಲ್ಲೊಂದು ಅಕ್ವೇರಿಯಂ ಇಡುವ ಹುಕಿ ಬಂತು. ಅದೂ ಪ್ಲಾಸ್ಟಿಕ್ ಗಿಡದ್ದಲ್ಲ, ಜೀವ ಇರುವ ಗಿಡದ್ದು. ಮೊದಲು ಗಿಡ ಬೇರು ಬಿಡಬೇಕು, ಆಮೇಲೆ ಮೀನು.

ನಮ್ಮಾಕಿ, ಅಂದರೆ ನನ್ನ ಹೆಂಡತಿ, ನಾನು ತಂದಿಟ್ಟ ಗಾಜಿನ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಗೇಣು ಹಾಕಿ ಅಳೆದಳು.

"ಕಡಕ್ ರೊಟ್ಟಿ ಇಡಾಕ ಭಾಳ ಛಲೋ ಐತಿ."

"ಇದು ಗಿಡಕ್ಕ."

"ನೀವು ಹಚ್ಚಿದ ತುಳಸಿನ ಉಳೀಲಿಲ್ಲ, ನೀರಾಗಿಂದು ಉಳೀತೈತಿ? ಆತು, ಎರಡು ತಿಂಗಳದಾಗ ಒಂದ ಒಂದು ಹೊಸಾ ಎಲಿ ತೋರಸ್ರಿ. ಇಲ್ಲಾಂದ್ರ ಪೆಟ್ಟಿಗಿ ನಂದು."

ಒಪ್ಪಿಕೊಂಡೆ. ಎಳೆ ಕಡಿದರೆ ಗಂಟು ಹಾಕಿ ಮುಂದೆ ನೇಯುವವ ನೇಕಾರ. ಅಷ್ಟಕ್ಕೆಲ್ಲ ಹೆದರುತ್ತಾನೆಯೇ?

ಹೊಸಾ ಮನಿ

ಜಮಖಂಡಿಯ ಮೀನಿನ ಅಂಗಡಿಯಿಂದ ಮೂರು ಜಾತಿ ಗಿಡ ತಂದೆ. ಒಂದರ ಹೆಸರು ಅನುಬಿಯಾಸ್. ನಮ್ಮಾಕಿಯ ನಾಲಿಗೆಗೆ ಅದು ಹತ್ತಲಿಲ್ಲ, ಅವತ್ತೇ ಅದಕ್ಕೆ ಅನಸೂಯಾ ಅಂತ ನಾಮಕರಣ ಆಯಿತು.

ಎಂಟು ದಿನಕ್ಕೆ ಎಲೆಗಳೆಲ್ಲ ಹಳದಿಯಾಗಿ, ನೆನೆದ ಹಪ್ಪಳದಂತೆ ಕರಗತೊಡಗಿದವು. ಅಂಗಡಿಯವನಿಗೆ ಫೋನ್ ಹಚ್ಚಿದೆ.

"ಗಾಬರಿ ಆಗಬ್ಯಾಡ್ರೀ," ಅಂದ. "ಇವನ್ನ ನೀರಿನ ಹೊರಗ ಬೆಳಸಿರತಾರ. ನೀರಾಗ ಇಳದ ಮ್ಯಾಲೆ ಹಳೇ ಎಲಿ ಕರಗತಾವ, ಆಮ್ಯಾಲೆ ಆ ನೀರಿಗೆ ಹೊಂದೂವಂಥ ಹೊಸಾ ಎಲಿ ಬರತಾವ. ಕೊಳೆತದ್ದು ಕತ್ತರಿಸಿ ತಗೀರಿ, ಬೇರಿಗೆ ಕೈ ಹಚ್ಚಬ್ಯಾಡ್ರಿ."

ಇದನ್ನೆಲ್ಲ ನಮ್ಮಾಕಿಗೆ ದೊಡ್ಡ ಪಂಡಿತನಂತೆ ವಿವರಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಈ ಮನಿಗೆ ಬಂದ ಹೊಸದ್ರಾಗ ನಾನೂ ಆರು ತಿಂಗಳು ಹಿಂಗ ಸೊರಗಿದ್ನಿ. ಆವಾಗ ಯಾರರ ಜಮಖಂಡಿಗೆ ಫೋನ್ ಹಚ್ಚಿದ್ರೇನು?"

ಗ್ಯಾರಂಟಿ ಬಣ್ಣ

ಉಳಿದೆರಡು ಜಾತಿ ಪೂರ್ತಿ ಕರಗಿ ಹೋದವು. ಉಳಿದವಳು ನಾಲ್ಕಾರು ಹಳೇ ಎಲೆ ಹೊತ್ತ ಅನಸೂಯಾ ಒಬ್ಬಳೇ. ಅವಳ ದಪ್ಪ ಗಡ್ಡೆಯನ್ನು ಮರಳಲ್ಲಿ ಹೂಳಬಾರದು, ಹೂತರೆ ಕೊಳೆಯುತ್ತದೆ, ಕಟ್ಟಿಗೆ ತುಂಡಿಗೆ ದಾರದಿಂದ ಕಟ್ಟಬೇಕು ಅಂತ ಅಂಗಡಿಯವ ಹೇಳಿದ್ದ. ಬನಹಟ್ಟಿಯವನಿಗೆ ದಾರದ ಬಡತನವೇ? ಮಗ್ಗದ ಮೇಲಿದ್ದ ಕೆಂಪು ಸೀರೆಯ ನೂಲನ್ನೇ ಒಂದು ಮಾರು ಹರಿದು, ಮೂರು ಸುತ್ತು ಸುತ್ತಿ, ನೇಕಾರ ಗಂಟು ಬಿಗಿದೆ.

ಮರುದಿನ ಮುಂಜಾನೆ ನೋಡಿದರೆ ಪೆಟ್ಟಿಗೆ ತುಂಬ ದಾಳಿಂಬೆ ಶರಬತ್ತು.

ಅದೇ ಹೊತ್ತಿಗೆ ಲೋಕಾಪುರದ ಹೆಣ್ಣುಮಗಳೊಬ್ಬಳು ಮಗಳ ಮದುವೆಗೆ ಸೀರೆ ನೋಡಲು ಬಂದು ಕೂತಿದ್ದಳು. ನಾನು ಕೆಂಪು ಸೀರೆ ಬಿಚ್ಚಿ ಹಾಸಿ, "ಅಕ್ಕಾರ, ಸೀರಿ ಹರದ ಹೋದ್ರೂ ಬಣ್ಣ ಹೋಗೂದಿಲ್ಲ, ಗ್ಯಾರಂಟಿ" ಅಂತ ಎದೆ ತಟ್ಟಿ ಹೇಳುತ್ತಿದ್ದೆ.

"ಆ ಪೆಟ್ಟಿಗ್ಯಾಗ ಏನೈತ್ರಿ?"

"ಗಿಡಕ್ಕ ಟಾನಿಕ್ ಹಾಕೇನ್ರಿ. ರಕ್ತ ಕಡಿಮಿ ಆಗಿತ್ತು."

ಆಕೆ ಎದ್ದು ಹೋಗಿ ಗಾಜಿಗೆ ಮೂಗು ಹಚ್ಚಿ ದಾರ ನೋಡಿದಳು. ತಿರುಗಿ ಬಂದು ಸೀರೆಯ ಸೆರಗು ನೋಡಿದಳು.

"ಟಾನಿಕ್ ಅಲ್ರಿ ಅಣ್ಣಾರ. ನಿಮ್ಮ ಗ್ಯಾರಂಟಿ ಈಜಾಡಾಕತ್ತೈತಿ!"

ಅವತ್ತು ನೀರು ಪೂರ್ತಿ ಬದಲಿಸಿ, ಬಿಳಿ ಹತ್ತಿಯ ದಾರ ಕುದಿಸಿ ತೊಳೆದು ಮತ್ತೆ ಕಟ್ಟಿದೆ. ನನ್ನ ಹಟ ಮಾತ್ರ ಪಕ್ಕಾ ಬಣ್ಣದ್ದು.

ಕಬ್ಬಿನ ಡಾಕ್ಟರ್

ಚಿಕ್ಕಪಡಸಲಗಿಯಲ್ಲಿ ನನ್ನ ಶಾಲೆಯ ಗೆಳೆಯನೊಬ್ಬ ಕಬ್ಬು ಬೆಳೆಯುತ್ತಾನೆ. ಬಂದವನೇ ಅನಸೂಯಾಳನ್ನು ನೋಡಿ ಲೊಚಗುಟ್ಟಿದ.

"ಹಸದು ಕುಂತಾಳಲೇ ಪಾಪ. ಒಂದು ಚಿಟಿಕಿ ಯೂರಿಯಾ ಹಾಕು."

ತಾನೇ ತಂದು ಹಾಕಿದ. ಕಬ್ಬಿನವನ ಚಿಟಿಕೆ ಅಂದರೆ ನಮ್ಮ ಮುಷ್ಟಿ. ಮೇಲೆ ನಾನು ಬೇಗ ಬೆಳೆಯಲೆಂದು ದೀಪವನ್ನು ಇಡೀ ದಿನ ಹಚ್ಚಿಟ್ಟೆ. ನಾಲ್ಕು ದಿನಕ್ಕೆ ನೀರು ಎಷ್ಟು ಹಸಿರಾಯಿತೆಂದರೆ ಒಳಗೆ ಅನಸೂಯಾ ಇದ್ದಾಳೋ ತವರಿಗೆ ಹೋಗಿದ್ದಾಳೋ ತಿಳಿಯುವಂತಿರಲಿಲ್ಲ. ಗೆಳೆಯನನ್ನು ಕರೆಸಿದೆ.

"ನೋಡಲೇ, ಹೆಂಗ ಎದ್ದು ಬಂದೈತಿ!" ಅಂತ ಕುಣಿದ.

"ಪಾಚಿ ಬಂದೈತಿ, ಮಗನ!"

"ಬೆಳಿ ಬರಿಸೂದು ನನ್ನ ಕೆಲಸ. ಕಳೆ ತಗಿಯೂದು ನಿಂದು."

ತೆಗೆದೆ. ಹದಿನೈದು ದಿನ, ದಿನ ಬಿಟ್ಟು ದಿನ ಅರ್ಧ ನೀರು ಚೆಲ್ಲಿದೆ. ನಳದ ನೀರನ್ನು ಒಂದು ದಿನ ಬಕೆಟ್‌ನಲ್ಲಿ ನಿಲ್ಲಿಸಿಟ್ಟು ಆಮೇಲೆ ಹಾಕಿದೆ. ದೀಪ ಆರೇ ತಾಸು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದು ಎಲೆ ಉಜ್ಜಿದೆ. ನಮ್ಮಾಕಿ ಬಾಗಿಲಲ್ಲಿ ನಿಂತು ನೋಡಿ, "ಲಗ್ನ ಆದಾಗಿಂದ ಒಂದು ಗಂಗಾಳ ತೊಳದಿಲ್ಲ" ಅಂತ ಗೋಡೆಗೆ ಹೇಳಿ ಹೋದಳು.

ಗಂಟು

ಗಡುವಿಗೆ ಎರಡೇ ದಿನ ಉಳಿದವು. ನೀರು ತಿಳಿಯಾಗಿತ್ತು, ಅನಸೂಯಾ ಗಟ್ಟಿಯಾಗಿದ್ದಳು, ಎಲೆ ಮಾತ್ರ ಇಲ್ಲ. ನಾನು ಮೋಸ ಮಾಡುವವನಲ್ಲ. ಅಂಗಡಿಯ ಬಾಗಿಲಿಗೆ ಪ್ಲಾಸ್ಟಿಕ್ ಎಲೆಯ ತೋರಣವೊಂದು ಇತ್ತು, ಅಷ್ಟೇ. ಅದರಿಂದ ಒಂದು ಎಲೆ ಕತ್ತರಿಸಿ ಗಡ್ಡೆಗೆ ಬಿಳಿ ದಾರದಿಂದ ಕಟ್ಟಿದೆ.

ಗಡುವಿನ ದಿನ ನಮ್ಮಾಕಿ ಬಂದಳು. ಕಂಕುಳಲ್ಲಿ ಕಡಕ್ ರೊಟ್ಟಿಯ ಗಂಟು, ಜೊತೆಗೆ ಸಾಕ್ಷಿಗೆ ಪಕ್ಕದ ಮನೆಯಾಕೆ.

"ಅಯ್ಯ, ಬಂದೈತಲ್ರೀ!" ಅಂದಳು. ನನಗೆ ಜೀವ ಬಂದಂತಾಯಿತು. ಆಕೆ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದಳು.

"ಅಲ್ರೀ, ಉಳದ ಎಲಿಗೆಲ್ಲ ದೇವರು ತೊಟ್ಟು ಕೊಟ್ಟಾನ. ಇದೊಂದಕ್ಕ ನೇಕಾರ ಗಂಟು ಹಾಕ್ಯಾನೇನು?"

ಪ್ಲಾಸ್ಟಿಕ್ ಎಲೆ ಹೊರಗೆ ಬಂತು. ಪಕ್ಕದ ಮನೆಯಾಕೆ ಸೆರಗು ಬಾಯಿಗೆ ತುರುಕಿಕೊಂಡಳು.

"ನೀರು ಚೆಲ್ರಿ," ಅಂದಳು ನಮ್ಮಾಕಿ.

ಸೋತು, ಕಟ್ಟಿಗೆ ಎತ್ತಲು ಬಗ್ಗಿದೆ. ಪ್ಲಾಸ್ಟಿಕ್ ಎಲೆ ಇದ್ದ ಜಾಗದ ಹಿಂದೆ, ಸುರುಳಿ ಸುತ್ತಿಕೊಂಡ, ಎಳೆ ಹಸಿರಿನ ಒಂದು ಕುಡಿ. ನನ್ನ ಸುಳ್ಳೇ ಅದನ್ನು ಮುಚ್ಚಿತ್ತು!

"ಎಲಿ! ಖರೇ ಎಲಿ!"

"ಇದನ್ನ ಯಾವ ತೋರಣದಿಂದ ಕತ್ತರಿಸಿದ್ರಿ?"

"ನಿನ್ನಾಣಿ ಖರೆ!"

"ನೀವು ನನ್ನಾಣಿ ಹಾಕಿ ಹಾಕಿನ ನಾ ಇಷ್ಟು ಸಣ್ಣಾಗೇನಿ."

ಆಕೆ ಉಗುರಿನಿಂದ ಗಂಟು ಹುಡುಕಿದಳು. ಸಿಗಲಿಲ್ಲ. ಮೆಲ್ಲಗೆ ಜಗ್ಗಿದಳು. ಬರಲಿಲ್ಲ. "ಜಗ್ಗಬ್ಯಾಡಬೇ!" ಅಂತ ನಾನು ಕೂಗುವುದರೊಳಗೆ ಜೋರಾಗಿ ಜಗ್ಗಿಯೇ ಬಿಟ್ಟಳು. ಕಟ್ಟಿಗೆ ಸಮೇತ ಅನಸೂಯಾ ಮೇಲೆದ್ದು ದಬಕ್ಕನೆ ನೀರಿಗೆ ಬಿದ್ದಳು. ಅರ್ಧ ಪೆಟ್ಟಿಗೆ ನೀರು ರೊಟ್ಟಿ ಗಂಟಿನ ಮೇಲೆ. ಕಡಕ್ ರೊಟ್ಟಿಯೆಲ್ಲ ಮೆತ್ತಗಾದವು. ಕುಡಿ ಮಾತ್ರ ಗಡ್ಡೆಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು.

ನಮ್ಮಾಕಿ ಅದರ ಬುಡವನ್ನು ಇನ್ನೊಮ್ಮೆ ಬೆರಳಿನಿಂದ ಸವರಿದಳು.

"ಗಂಟಿಲ್ಲ," ಅಂದಳು.

ಪೆಟ್ಟಿಗೆ ಉಳಿಯಿತು. ಈಗ ಅನಸೂಯಾಳಿಗೆ ಐದು ಹೊಸ ಎಲೆ, ಸುತ್ತ ಆರು ಸಣ್ಣ ಮೀನು. ಅಂಗಡಿಗೆ ಬಂದವರಿಗೆಲ್ಲ ನಾನು ನನ್ನ ಹಟದ ಕಥೆ ಶುರು ಮಾಡುತ್ತೇನೆ. ಆದರೆ ನಮ್ಮಾಕಿ ನಡುವೆ ಬಂದು, ಆ ಮೊದಲನೇ ಎಲೆಗೆ ಗಾಜಿನ ಮೇಲಿಂದಲೇ ಬೆರಳು ತೋರಿಸುತ್ತಾಳೆ.

"ಛಂದಂಗ ನೋಡ್ರಿ. ನಮ್ಮ ಯಜಮಾನ್ರು ಇಷ್ಟು ವರ್ಷದಾಗ ತೋರಿಸಿದ್ದರಾಗ ಖರೇದು ಇದೊಂದ."